ಇ-ಮೇಲ್: ವಿಳಾಸ ಸರಿಯಿದ್ದರೂ ಬಾಗಿಲು ತೆರೆಯದ ಕಾಲ

ಬೆಂಗಳೂರು: ವಿಳಾಸ ಸರಿಯಾಗಿದ್ದರೆ ಪತ್ರ ಇಂದಲ್ಲ ನಾಳೆ ತಲುಪಿಯೇ ತಲುಪುತ್ತದೆ ಎಂಬುದು ಅಂಚೆಯ ಕಾಲದ ನಂಬಿಕೆ. ಅದೇ ನಂಬಿಕೆಯನ್ನು ಜನರು ಇ-ಮೇಲ್‌ಗೂ ಒಯ್ದರು. ಆದರೆ ಕಳೆದ ಕೆಲವು ವರ್ಷಗಳ ಬೆಳವಣಿಗೆಗಳನ್ನು ಗಮನಿಸಿದರೆ ಈ ನಂಬಿಕೆ ಇನ್ನು ಸಲ್ಲದು ಎನ್ನಬೇಕಾಗುತ್ತದೆ. ಪತ್ರ ಯಾರಿಗೆ ಎಂಬುದಕ್ಕಿಂತ ಯಾರಿಂದ, ಯಾವ ವೇಗದಲ್ಲಿ, ಎಷ್ಟು ಸಂಖ್ಯೆಯಲ್ಲಿ ಹೊರಟಿದೆ ಎಂಬುದೇ ಅದರ ಹಣೆಬರಹವನ್ನು ನಿರ್ಧರಿಸುತ್ತಿದೆ.

2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಕಂಪನಿಗಳು ಸಗಟು ಇ-ಮೇಲ್ ಕಳುಹಿಸುವವರಿಗೆ ಹೊಸ ನಿಯಮಗಳನ್ನು ಪ್ರಕಟಿಸಿದವು. 2024ರ ಫೆಬ್ರುವರಿಯಿಂದ ಅವು ಹಂತಹಂತವಾಗಿ ಜಾರಿಗೆ ಬಂದವು. ಔಟ್‌ಲುಕ್, ಹಾಟ್‌ಮೇಲ್, ಲೈವ್ ವಿಳಾಸಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ 2025ರ ಮೇ 5ರಿಂದ ಅದೇ ಹಾದಿ ಹಿಡಿಯಿತು. 2025ರ ನವೆಂಬರ್‌ನಲ್ಲಿ ಜಿಮೇಲ್ ಇನ್ನೊಂದು ಹೆಜ್ಜೆ ಮುಂದಿಟ್ಟು, ನಿಯಮ ಪಾಲಿಸದ ಪತ್ರಗಳನ್ನು ತಡೆಹಿಡಿಯುವ ಮತ್ತು ನೇರವಾಗಿ ಹಿಂದಿರುಗಿಸುವ ಕ್ರಮವನ್ನು ಬಿಗಿಗೊಳಿಸಿತು. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರವನ್ನು ಹುಡುಕಿಯಾದರೂ ತೆಗೆಯಬಹುದು. ಹಿಂದಿರುಗಿದ ಪತ್ರ ಹುಡುಕಿದರೂ ಸಿಗದು.

ಈ ನಿಯಮಗಳ ಕುರಿತ ಚರ್ಚೆ ಬಹುಮಟ್ಟಿಗೆ ತಾಂತ್ರಿಕ ದೃಢೀಕರಣದ ಸುತ್ತಲೇ ನಡೆದಿದೆ. ಅದಕ್ಕಿಂತ ಸರಳವಾದ ಪ್ರಶ್ನೆಯೊಂದು ಹಿಂದೆ ಉಳಿದಿದೆ: ತನ್ನ ಹೆಸರಿನಲ್ಲಿ ದಿನಕ್ಕೆ ಎಷ್ಟು ಇ-ಮೇಲ್‌ಗಳು ಹೊರಹೋಗುತ್ತಿವೆ ಎಂಬುದನ್ನು ಒಂದು ಸಂಸ್ಥೆ ಪ್ರತಿದಿನ ಎಣಿಸುತ್ತಿದೆಯೇ? ಹಾಗೆ ಎಣಿಸದಿದ್ದರೆ ಉಳಿದ ಎಲ್ಲ ಸಿದ್ಧತೆಗಳು ಒಂದೇ ದಿನದಲ್ಲಿ ವ್ಯರ್ಥವಾಗಬಹುದು.

ಖ್ಯಾತಿಯೆಂಬ ಅಗೋಚರ ಅಂಕಪಟ್ಟಿ

ಇ-ಮೇಲ್ ಸ್ವೀಕರಿಸುವ ದೊಡ್ಡ ಕಂಪನಿಗಳೆಲ್ಲ ಕಳುಹಿಸುವವರ ಬಗ್ಗೆ ಒಂದು ಅಂಕಪಟ್ಟಿ ಇಟ್ಟುಕೊಳ್ಳುತ್ತವೆ. ಪತ್ರ ಹೊರಟ ಸರ್ವರ್‌ನ ಐಪಿ ವಿಳಾಸಕ್ಕೆ ಒಂದು ಅಂಕ, ಕಳುಹಿಸಿದ ಸಂಸ್ಥೆಯ ಡೊಮೇನ್ ಹೆಸರಿಗೆ ಇನ್ನೊಂದು ಅಂಕ. ಹಿಂದೆ ಕಳುಹಿಸಿದ ಪತ್ರಗಳನ್ನು ಜನರು ತೆರೆದರೇ, ಓದದೆ ಅಳಿಸಿದರೇ, 'ಸ್ಪ್ಯಾಮ್' ಎಂದು ದೂರಿದರೇ, ಅಸ್ತಿತ್ವದಲ್ಲೇ ಇಲ್ಲದ ವಿಳಾಸಗಳಿಗೆ ಎಷ್ಟು ಪತ್ರಗಳು ಹೋದವು ಎಂಬುದೆಲ್ಲ ಈ ಲೆಕ್ಕಕ್ಕೆ ಸೇರುತ್ತದೆ. ಇದನ್ನೇ ಈ ಕ್ಷೇತ್ರದವರು ಕಳುಹಿಸುವವರ ಖ್ಯಾತಿ ಎನ್ನುತ್ತಾರೆ.

ಊರಿನ ಅಂಗಡಿಯಲ್ಲಿ ಸಾಲ ಸಿಗುವುದು ಹೇಗೋ ಇದೂ ಹಾಗೆಯೇ. ಹೊಸಬನಿಗೆ ಮೊದಲ ದಿನವೇ ಮೂಟೆ ಅಕ್ಕಿ ಸಾಲ ಕೊಡುವುದಿಲ್ಲ. ಸ್ವಲ್ಪ ಕೊಟ್ಟು, ಹಿಂದಿರುಗಿಸುತ್ತಾನೋ ನೋಡಿ, ಬಳಿಕ ಹೆಚ್ಚಿಸುತ್ತಾರೆ. ಹೊಸ ಐಪಿ ವಿಳಾಸದಿಂದ ಪತ್ರ ಕಳುಹಿಸುವವರು ಮೊದಲು ತಮ್ಮ ಪತ್ರಗಳನ್ನು ತಪ್ಪದೆ ತೆರೆಯುವ ಕೆಲವೇ ಓದುಗರಿಂದ ಆರಂಭಿಸಿ, ಕೆಲವು ವಾರಗಳ ಕಾಲ ಸಂಖ್ಯೆಯನ್ನು ನಿಧಾನವಾಗಿ ಏರಿಸಬೇಕು ಎಂಬ ನಿಯಮ ಬಂದಿರುವುದು ಇದರಿಂದಲೇ. ಇದಕ್ಕೆ 'ವಾರ್ಮ್-ಅಪ್' ಎಂಬ ಹೆಸರಿದೆ. ಹಲವು ವಾರ ಒಂದೂ ಪತ್ರ ಕಳುಹಿಸದೆ ಸುಮ್ಮನಿದ್ದರೆ ಗಳಿಸಿದ ಖ್ಯಾತಿಯೂ ಮಾಸಿಹೋಗುತ್ತದೆ. ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈ ಅಂಕಪಟ್ಟಿ ಕೆಡಲು ಮಾತ್ರ ವಾರಗಳು ಬೇಕಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ.

ಸಂಖ್ಯೆಗೇಕೆ ಇಷ್ಟು ಮಹತ್ವ?

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರಾಟ ವಿಭಾಗದಲ್ಲಿದ್ದ ಗ್ಯಾರಿ ಥರ್ಕ್ 1978ರ ಮೇ 3ರಂದು ಇಂಟರ್‌ನೆಟ್‌ನ ಪೂರ್ವಜನಾದ ಅರ್ಪಾನೆಟ್‌ನ ಸುಮಾರು 400 ಬಳಕೆದಾರರಿಗೆ ತಮ್ಮ ಕಂಪನಿಯ ಕಂಪ್ಯೂಟರ್‌ಗಳ ಜಾಹೀರಾತು ಕಳುಹಿಸಿದರು. ಅದನ್ನು ಮೊದಲ ಸ್ಪ್ಯಾಮ್ ಎಂದು ಗುರುತಿಸಲಾಗುತ್ತದೆ. ಕೇಳದಿದ್ದವರಿಗೆ ಒಟ್ಟಾಗಿ ಪತ್ರ ಕಳುಹಿಸುವ ಚಾಳಿ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ. ಬದಲಾಗಿರುವುದು ಸಂಖ್ಯೆ ಮಾತ್ರ. ಜಿಮೇಲ್ ಒಂದೇ ದಿನವೊಂದಕ್ಕೆ ಸುಮಾರು 1,500 ಕೋಟಿ ಅನಪೇಕ್ಷಿತ ಪತ್ರಗಳನ್ನು ತಡೆಯುತ್ತದೆ ಎಂದು ಗೂಗಲ್ 2023ರಲ್ಲಿ ಹೇಳಿಕೊಂಡಿತ್ತು.

ಸ್ಪ್ಯಾಮ್ ದಂಧೆಯ ಮೂಲ ತಂತ್ರ ವೇಗ. ಹೊಸ ಐಪಿ ವಿಳಾಸವೊಂದನ್ನು ಬಾಡಿಗೆಗೆ ಪಡೆದು, ಯಾರಾದರೂ ಎಚ್ಚೆತ್ತುಕೊಳ್ಳುವ ಮೊದಲೇ ಲಕ್ಷಾಂತರ ಪತ್ರಗಳನ್ನು ಕಳುಹಿಸಿ, ಆ ವಿಳಾಸ ಕಪ್ಪುಪಟ್ಟಿ ಸೇರುವಷ್ಟರಲ್ಲಿ ಬೇರೆ ವಿಳಾಸಕ್ಕೆ ಹಾರುವುದು. ಬೇರೆಯವರ ಕಂಪ್ಯೂಟರ್‌ಗಳನ್ನು ವಶಪಡಿಸಿಕೊಂಡು ಅವುಗಳಿಂದ ಕಳುಹಿಸುವುದು ಇದರ ಇನ್ನೊಂದು ರೂಪ. 2008ರ ನವೆಂಬರ್ 11ರಂದು ಕ್ಯಾಲಿಫೋರ್ನಿಯಾದ ಮೆಕ್‌ಕೋಲೋ ಎಂಬ ಒಂದೇ ಸರ್ವರ್ ಸೇವಾಸಂಸ್ಥೆಯ ಇಂಟರ್‌ನೆಟ್ ಸಂಪರ್ಕವನ್ನು ಕಡಿದುಹಾಕಿದಾಗ ಜಗತ್ತಿನ ಒಟ್ಟು ಸ್ಪ್ಯಾಮ್ ಕೆಲಕಾಲ ಸುಮಾರು ಮೂರನೇ ಎರಡರಷ್ಟು ಕುಸಿಯಿತು ಎಂದು ಅಂದಾಜಿಸಲಾಗಿತ್ತು. ವಶಪಡಿಸಿಕೊಂಡ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಆಜ್ಞೆ ನೀಡುತ್ತಿದ್ದ ಸರ್ವರ್‌ಗಳು ಅಲ್ಲಿದ್ದುದೇ ಇದಕ್ಕೆ ಕಾರಣ.

ಈ ಅನುಭವದಿಂದ ಸ್ವೀಕರಿಸುವ ಕಂಪನಿಗಳು ಒಂದು ಪಾಠ ಕಲಿತವು. ಪತ್ರದ ಒಕ್ಕಣೆಯನ್ನು ಮರೆಮಾಚಬಹುದು, ಹೆಸರು ಬದಲಿಸಬಹುದು. ಆದರೆ ನಿನ್ನೆ ನೂರಿದ್ದ ಸಂಖ್ಯೆ ಇಂದು ಲಕ್ಷವಾದುದನ್ನು ಮರೆಮಾಚುವುದು ಕಷ್ಟ. ಹೀಗಾಗಿ ಹಠಾತ್ ಏರಿಕೆಯೇ ಸಂಶಯದ ಮೊದಲ ಲಕ್ಷಣವಾಯಿತು. ಕಳುಹಿಸುವ ಸಂಖ್ಯೆಯನ್ನು ಒಮ್ಮೆಲೇ ಇಮ್ಮಡಿಗೊಳಿಸಿದರೆ ವೇಗಕ್ಕೆ ಕಡಿವಾಣ ಬೀಳಬಹುದು ಅಥವಾ ಖ್ಯಾತಿ ಕುಸಿಯಬಹುದು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಎಚ್ಚರಿಸಿದೆ. ಯಾಹೂ ಸರ್ವರ್‌ಗಳಂತೂ ಪತ್ರವನ್ನು ತಡೆಹಿಡಿಯುವಾಗ 'ಅನಿರೀಕ್ಷಿತ ಸಂಖ್ಯೆ ಅಥವಾ ಬಳಕೆದಾರರ ದೂರು' ಎಂಬ ಅರ್ಥದ ಕಾರಣವನ್ನೇ ಮರುತ್ತರದಲ್ಲಿ ನಮೂದಿಸುತ್ತವೆ.

ಪ್ರಾಮಾಣಿಕ ಸಂಸ್ಥೆಗಳು ಸಿಕ್ಕಿಬೀಳುವುದು ಇಲ್ಲಿಯೇ. ಯಂತ್ರಕ್ಕೆ ಉದ್ದೇಶ ಕಾಣುವುದಿಲ್ಲ, ನಡವಳಿಕೆ ಮಾತ್ರ ಕಾಣುತ್ತದೆ.

ಐದು ಸಾವಿರದ ಗೆರೆ

ಹೊಸ ನಿಯಮಗಳ ಕೇಂದ್ರದಲ್ಲಿರುವ ಸಂಖ್ಯೆ 5,000. ಖಾಸಗಿ ಜಿಮೇಲ್ ಖಾತೆಗಳಿಗೆ 24 ಗಂಟೆಗಳ ಅವಧಿಯಲ್ಲಿ ಸುಮಾರು 5,000 ಅಥವಾ ಅದಕ್ಕಿಂತ ಹೆಚ್ಚು ಪತ್ರ ಕಳುಹಿಸುವ ಡೊಮೇನ್ ಗೂಗಲ್‌ನ ದೃಷ್ಟಿಯಲ್ಲಿ 'ಸಗಟು ಕಳುಹಿಸುವವ'. ಒಂದೇ ಮೂಲ ಡೊಮೇನ್‌ನ ಅಡಿಯ ಎಲ್ಲ ಉಪಡೊಮೇನ್‌ಗಳ ಪತ್ರಗಳನ್ನೂ ಕೂಡಿಸಿಯೇ ಈ ಲೆಕ್ಕ ಹಾಕಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಮ್ಮೆ ಈ ಗೆರೆ ದಾಟಿದರೆ ಆ ಹಣೆಪಟ್ಟಿ ಶಾಶ್ವತ. ವರ್ಷದ 364 ದಿನ ಐವತ್ತು ಪತ್ರ ಕಳುಹಿಸಿ, ಒಂದು ದಿನ ಆರು ಸಾವಿರ ಕಳುಹಿಸಿದರೂ ವಿನಾಯಿತಿ ಇಲ್ಲ. ಮೈಕ್ರೋಸಾಫ್ಟ್ ಕೂಡ 5,000ವನ್ನೇ ಗೆರೆಯಾಗಿ ಇಟ್ಟುಕೊಂಡಿದೆ. ಯಾಹೂ ನಿಶ್ಚಿತ ಸಂಖ್ಯೆ ಹೇಳಿಲ್ಲ.

ಗೆರೆ ದಾಟಿದವರು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದೃಢೀಕರಣಗಳನ್ನು ಹೊಂದಿರಬೇಕು. ಮೊದಲನೆಯದು ಈ ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದು ಎಂಬ ಪಟ್ಟಿ; ಎರಡನೆಯದು ಪತ್ರಕ್ಕೆ ಹಾಕುವ ಡಿಜಿಟಲ್ ಮೊಹರು; ಮೂರನೆಯದು ಇವೆರಡರಲ್ಲೂ ಅನುತ್ತೀರ್ಣವಾದ ಪತ್ರವನ್ನು ಏನು ಮಾಡಬೇಕೆಂಬ ಸೂಚನೆ. ಇವಲ್ಲದೆ, ಗೂಗಲ್ ಮತ್ತು ಯಾಹೂ ನಿಯಮದಂತೆ ಪ್ರಚಾರ ಪತ್ರಗಳಲ್ಲಿ ಒಂದೇ ಕ್ಲಿಕ್ಕಿಗೆ ಪಟ್ಟಿಯಿಂದ ಹೊರಬರುವ ಸೌಲಭ್ಯ ಇರಬೇಕು. ಕೋರಿಕೆಯನ್ನು ಎರಡು ದಿನಗಳೊಳಗೆ ಈಡೇರಿಸಬೇಕು.

ಇನ್ನೊಂದು ಷರತ್ತು ದೂರಿನ ಪ್ರಮಾಣ. ಅದು ಶೇ. 0.1ಕ್ಕಿಂತ ಕಡಿಮೆ ಇರಬೇಕೆಂಬುದು ಗೂಗಲ್‌ನ ಸಲಹೆ; ಶೇ. 0.3 ಮುಟ್ಟಬಾರದೆಂಬುದು ನಿಯಮ. ಅಂದರೆ ಇನ್‌ಬಾಕ್ಸ್ ತಲುಪಿದ 1,000 ಪತ್ರಗಳಲ್ಲಿ ಮೂರಕ್ಕೆ 'ಸ್ಪ್ಯಾಮ್' ಗುಂಡಿ ಒತ್ತಿದರೂ ಸಾಕು, ಅಪಾಯದ ಮಟ್ಟ ಮುಟ್ಟಿದಂತೆ. ಈ ಮಿತಿ ಮೀರಿದವರು ಪರಿಹಾರ ಕೋರುವ ಅರ್ಹತೆಯನ್ನೂ ಕಳೆದುಕೊಳ್ಳುತ್ತಾರೆ. ಸತತ ಏಳು ದಿನ ಮಿತಿಯೊಳಗೆ ಉಳಿದ ಮೇಲಷ್ಟೇ ಆ ಅರ್ಹತೆ ಮರಳುತ್ತದೆ.

ಫಲಿತಾಂಶದ ದಿನದ ಲೆಕ್ಕ

ಉದಾಹರಣೆಗೆ ಒಂದು ಕಾಲೇಜನ್ನು ಕಲ್ಪಿಸಿಕೊಳ್ಳೋಣ. ಅದು ಸಾಮಾನ್ಯವಾಗಿ ದಿನಕ್ಕೆ 500 ಇ-ಮೇಲ್ ಕಳುಹಿಸುತ್ತದೆ. ಪ್ರವೇಶ ಪಟ್ಟಿ ಸಿದ್ಧವಾದ ದಿನ 30,000 ಅರ್ಜಿದಾರರಿಗೆ ಒಂದೇ ಗಂಟೆಯಲ್ಲಿ ಪತ್ರ ಹೊರಡುತ್ತದೆ. ಸಂಖ್ಯೆ ಒಮ್ಮೆಲೇ 60 ಪಟ್ಟು ಏರಿದ್ದನ್ನು ಕಂಡ ಸ್ವೀಕರಿಸುವ ಸರ್ವರ್‌ಗಳು ಮೊದಲ ಕೆಲವು ಸಾವಿರ ಪತ್ರಗಳ ನಂತರ 421 ಎಂಬ ಸಂಕೇತದೊಡನೆ 'ಈಗ ಬೇಡ, ನಂತರ ಪ್ರಯತ್ನಿಸಿ' ಎನ್ನುತ್ತವೆ. ಕಾಲೇಜಿನ ಸರ್ವರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪತ್ರ ಹೋಗಿಲ್ಲವೆಂದು ತಿಳಿದ ಸಿಬ್ಬಂದಿ ಇಡೀ ಪಟ್ಟಿಗೆ ಮರಳಿ ಕಳುಹಿಸುತ್ತಾರೆ. ಅದೇ ಪತ್ರ ಎರಡೆರಡು ಬಾರಿ ಬಂದುದರಿಂದ ಕೆಲವರು ಸ್ಪ್ಯಾಮ್ ಎಂದು ದೂರುತ್ತಾರೆ. ತಾತ್ಕಾಲಿಕವಾಗಿದ್ದ ತಡೆ 550 ಸಂಕೇತದ ಶಾಶ್ವತ ನಿರಾಕರಣೆಯಾಗುತ್ತದೆ. ಶುಲ್ಕ ಕಟ್ಟುವ ಕೊನೆಯ ದಿನಾಂಕ ಮಾತ್ರ ಯಾರಿಗೂ ಕಾಯುವುದಿಲ್ಲ.

ಇದೇ ಕಾಲೇಜು ದಿನದಿನದ ಲೆಕ್ಕ ಇಟ್ಟಿದ್ದರೆ ಮಾರ್ಗ ಬೇರೆಯಿತ್ತು. ಪ್ರತಿದಿನ ಹಿಂದಿನ ದಿನಕ್ಕಿಂತ ಅರ್ಧದಷ್ಟು ಮಾತ್ರ ಹೆಚ್ಚಿಸುತ್ತಾ ಹೋದರೂ 500ರಿಂದ 30,000ದ ಮಟ್ಟ ತಲುಪಲು 10-11 ದಿನ ಬೇಕು. ಅರ್ಜಿ ಸ್ವೀಕೃತಿ, ದಾಖಲೆ ಪರಿಶೀಲನೆ, ವೇಳಾಪಟ್ಟಿ ಮುಂತಾದ ಅಗತ್ಯ ಸೂಚನೆಗಳನ್ನು ಆ ಅವಧಿಯಲ್ಲಿ ಕಂತುಗಳಲ್ಲಿ ಕಳುಹಿಸಿದ್ದರೆ ಫಲಿತಾಂಶದ ದಿನದ ಸಂಖ್ಯೆ ಯಾರಿಗೂ ಅಸಹಜವಾಗಿ ಕಾಣುತ್ತಿರಲಿಲ್ಲ. ಅದೂ ಆಗದಿದ್ದಲ್ಲಿ ಪತ್ರಗಳನ್ನು ಒಂದು ಗಂಟೆಯ ಬದಲು ಹಲವು ಗಂಟೆಗಳಿಗೆ ಹಂಚಬಹುದಿತ್ತು.

ಇಮ್ಮುಖದ ಎಚ್ಚರಿಕೆ ಗಂಟೆ

ಸಂಖ್ಯೆಯ ನಿಗಾ ಎಂದರೆ ಏರಿಕೆಯನ್ನು ತಡೆಯುವುದಷ್ಟೇ ಅಲ್ಲ. ಯಾವ ಅಭಿಯಾನವೂ ಇಲ್ಲದ ದಿನ ರಾತ್ರಿ ಎರಡು ಗಂಟೆಗೆ ಸಂಸ್ಥೆಯ ಸರ್ವರ್‌ನಿಂದ ಸಾವಿರಾರು ಪತ್ರಗಳು ಹೊರಟಿವೆ ಎಂದರೆ ಬಹುಶಃ ಯಾರದೋ ಪಾಸ್‌ವರ್ಡ್ ಕಳವಾಗಿದೆ ಅಥವಾ ಜಾಲತಾಣದ ನೋಂದಣಿ ಅರ್ಜಿಯನ್ನು ಯಾರೋ ದುರುಪಯೋಗ ಮಾಡುತ್ತಿದ್ದಾರೆ ಎಂದರ್ಥ. ಇಂಥ ಕಳವು ಮೊದಲು ಬಯಲಾಗುವುದು ಎಷ್ಟೋ ಸಲ ಹೊರಹೋಗುವ ಪತ್ರಗಳ ಎಣಿಕೆಯಲ್ಲಿಯೇ. ಗಂಟೆಗೆ ಇಷ್ಟೇ ಎಂಬ ಮಿತಿ ಮತ್ತು ಮಿತಿ ಮೀರಿದೊಡನೆ ಸಂಬಂಧಪಟ್ಟವರ ಮೊಬೈಲಿಗೆ ಸೂಚನೆ ಹೋಗುವ ವ್ಯವಸ್ಥೆ ಇದ್ದರೆ ಹಾನಿ ನೂರರಲ್ಲಿ ನಿಲ್ಲುತ್ತದೆ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಲಕ್ಷವಾಗುತ್ತದೆ.

ಇಳಿಕೆಯೂ ಅಷ್ಟೇ ಮುಖ್ಯ. ಎಂದಿನಂತೆ ಪತ್ರ ಹೊರಟರೂ ಸ್ವೀಕೃತವಾದವುಗಳ ಸಂಖ್ಯೆ ಇದ್ದಕ್ಕಿದ್ದಂತೆ ತಗ್ಗಿದರೆ ಯಾವುದೋ ಕಂಪನಿ ಬಾಗಿಲು ಹಾಕಿದೆ ಎಂದೇ ತಿಳಿಯಬೇಕು. ಆದ್ದರಿಂದ ಒಟ್ಟು ಸಂಖ್ಯೆಯ ಜೊತೆಗೆ ಜಿಮೇಲ್‌ಗೆ ಎಷ್ಟು, ಯಾಹೂಗೆ ಎಷ್ಟು, ಔಟ್‌ಲುಕ್‌ಗೆ ಎಷ್ಟು ಎಂಬ ವಿಂಗಡಣೆ ಅಗತ್ಯ.

ದೂರಿನ ಪ್ರಮಾಣವೊಂದನ್ನೇ ನಂಬಿ ಕೂರುವುದು ಏಕೆ ಅಪಾಯಕಾರಿ ಎಂಬುದೂ ಇಲ್ಲಿ ಸ್ಪಷ್ಟವಾಗುತ್ತದೆ. 10,000 ಪತ್ರಗಳಲ್ಲಿ 8,000 ಸ್ಪ್ಯಾಮ್ ಪೆಟ್ಟಿಗೆ ಸೇರಿ, 2,000 ಮಾತ್ರ ಇನ್‌ಬಾಕ್ಸ್ ತಲುಪಿ, ನಾಲ್ವರು ದೂರಿದರು ಎಂದುಕೊಳ್ಳೋಣ. ದೂರಿನ ಪ್ರಮಾಣ ಶೇ. 0.2, ನಿಯಮದ ಮಿತಿಯೊಳಗೇ ಇದೆ. ಆದರೆ ಐದರಲ್ಲಿ ನಾಲ್ಕು ಪತ್ರಗಳು ಯಾರ ಕಣ್ಣಿಗೂ ಬಿದ್ದಿಲ್ಲ. ಕಾಣದ ಪತ್ರದ ಮೇಲೆ ಯಾರು ತಾನೇ ದೂರು ಕೊಟ್ಟಾರು?

ಗೂಗಲ್ 2015ರಿಂದ ಒದಗಿಸುತ್ತಿರುವ 'ಪೋಸ್ಟ್‌ಮಾಸ್ಟರ್ ಟೂಲ್ಸ್' ಮತ್ತು ಮೈಕ್ರೋಸಾಫ್ಟ್‌ನ 'ಎಸ್‌ಎನ್‌ಡಿಎಸ್' ಸೇವೆಗಳು ಉಚಿತವಾಗಿ ಕೆಲವು ಅಂಕಿಗಳನ್ನು ನೀಡುತ್ತವೆ. ಆದರೆ ಅವು ಸ್ವೀಕರಿಸುವವರ ಕಡೆಯ ಲೆಕ್ಕ. ಕಳುಹಿಸುವವರ ಕಡೆಯ ಲೆಕ್ಕ ಜೊತೆಗಿಲ್ಲದಿದ್ದರೆ ಎರಡನ್ನೂ ತಾಳೆ ನೋಡುವುದು ಸಾಧ್ಯವಿಲ್ಲ.

ಹಣ, ತೆರಿಗೆ ಮತ್ತು ಕಾನೂನು

ಇದು ಕೇವಲ ಜಾಹೀರಾತುದಾರರ ತಲೆನೋವು ಎಂದು ತಳ್ಳಿಹಾಕುವಂತಿಲ್ಲ. ಷೇರು ವಹಿವಾಟು ನಡೆದ 24 ಗಂಟೆಗಳೊಳಗೆ ಹೂಡಿಕೆದಾರನಿಗೆ ಕಾಂಟ್ರಾಕ್ಟ್ ನೋಟ್ ಕಳುಹಿಸುವುದು ದಲ್ಲಾಳಿಯ ಕರ್ತವ್ಯ. ಬಹುಪಾಲು ಇದು ಇ-ಮೇಲ್ ಮೂಲಕವೇ ನಡೆಯುತ್ತದೆ. ಇ-ಮೇಲ್ ಹಿಂದಿರುಗಿದರೆ ಕಾಗದದ ಪ್ರತಿ ಕಳುಹಿಸಬೇಕೆಂದು ಸೆಬಿ ನಿಯಮ ಹೇಳುತ್ತದೆ. ಪತ್ರ ಹಿಂದಿರುಗಿದರೆ ತಿಳಿಯುತ್ತದೆ, ನಿಜ; ಸದ್ದಿಲ್ಲದೆ ಸ್ಪ್ಯಾಮ್ ಪೆಟ್ಟಿಗೆಗೆ ಜಾರಿದರೆ ಕಳುಹಿಸಿದವನ ದಾಖಲೆಯಲ್ಲಿ ಅದು 'ತಲುಪಿದ' ಪತ್ರ.

ದೇಶದೆಲ್ಲೆಡೆಯ ಆದಾಯ ತೆರಿಗೆ ರಿಟರ್ನ್‌ಗಳನ್ನು ಸಂಸ್ಕರಿಸುವ ಕೇಂದ್ರ ಬೆಂಗಳೂರಿನಲ್ಲಿದೆ. ಅಲ್ಲಿಂದ ತೆರಿಗೆದಾರರಿಗೆ ಹೋಗುವ ತಿಳಿವಳಿಕೆ ಪತ್ರಗಳು ಇ-ಮೇಲ್ ಮೂಲಕವೂ ಸಾಗುತ್ತವೆ; ಕೆಲವಕ್ಕೆ ಗಡುವಿನೊಳಗೆ ಉತ್ತರಿಸಬೇಕು. ಬ್ಯಾಂಕಿನ ಎಚ್ಚರಿಕೆ, ಪ್ರವೇಶಪತ್ರ, ಉದ್ಯೋಗ ಸಂದರ್ಶನದ ಕರೆ ಎಲ್ಲವೂ ಇದೇ ಹಾದಿಯಲ್ಲಿವೆ. ಇಂಥ ಅಗತ್ಯ ಪತ್ರಗಳನ್ನೂ ಹಬ್ಬದ ರಿಯಾಯಿತಿಯ ಜಾಹೀರಾತನ್ನೂ ಒಂದೇ ಐಪಿ ವಿಳಾಸದಿಂದ ಕಳುಹಿಸುವ ಸಂಸ್ಥೆಯಲ್ಲಿ, ಜಾಹೀರಾತಿನ ಮೇಲಿನ ಸಿಟ್ಟಿನ ಬೆಲೆಯನ್ನು ಅಗತ್ಯ ಪತ್ರ ತೆರಬೇಕಾಗುತ್ತದೆ.

ಕಾನೂನಿನ ಆಸರೆಯೂ ಇಲ್ಲಿ ತೆಳುವಾಗಿದೆ. ಕಿರಿಕಿರಿ ಉಂಟುಮಾಡುವ ಅಥವಾ ಮೂಲದ ಬಗ್ಗೆ ದಾರಿತಪ್ಪಿಸುವ ಇ-ಮೇಲ್‌ಗಳ ಉಲ್ಲೇಖವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸ್ವಾಗತಾರ್ಹ ತೀರ್ಪು. ಆದರೆ ಸ್ಪ್ಯಾಮ್‌ಗೆಂದೇ ಪ್ರತ್ಯೇಕ ಕಾನೂನು ಅದರ ಜಾಗಕ್ಕೆ ಬರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿ ವಾಣಿಜ್ಯ ಕರೆ ಮತ್ತು ಎಸ್ಸೆಮ್ಮೆಸ್‌ಗೆ ಸಂಬಂಧಿಸಿದ್ದು. ಇ-ಮೇಲ್ ಅದರ ವ್ಯಾಪ್ತಿಯಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ವಿಳಾಸ ಬಳಸಲು ಒಪ್ಪಿಗೆ ಬೇಕೆಂಬುದನ್ನು ಅದು ಹೇಳುತ್ತದೆಯೇ ಹೊರತು, ಒಪ್ಪಿಗೆ ಪಡೆದು ಕಳುಹಿಸಿದ ಪತ್ರ ತಲುಪಬೇಕೆಂದು ಹೇಳುವುದಿಲ್ಲ.

ಕಾವಲುಗಾರನೂ ಅವನೇ, ನ್ಯಾಯಾಧೀಶನೂ ಅವನೇ

ಪರಿಣಾಮವಾಗಿ ಮೂರು ಖಾಸಗಿ ಕಂಪನಿಗಳ ನಿಯಮವೇ ವಸ್ತುತಃ ಕಾನೂನಾಗಿದೆ. ಇದರ ಫಲ ಒಳ್ಳೆಯದಾಗಿಲ್ಲ ಎನ್ನುವಂತಿಲ್ಲ. ನಿಯಮ ಜಾರಿಯಾದ ಮೇಲೆ ದೃಢೀಕರಣವಿಲ್ಲದ ಪತ್ರಗಳು ಶೇ. 65ರಷ್ಟು ಕಡಿಮೆಯಾದವು ಎಂದು ಗೂಗಲ್ 2024ರಲ್ಲಿ ತಿಳಿಸಿತು. ಬ್ಯಾಂಕಿನ ಹೆಸರು ಹೊತ್ತು ಬರುವ ವಂಚನೆ ಪತ್ರಗಳಿಗೆ ಇದರಿಂದ ಅಡ್ಡಿಯಾಗಿರುವುದು ಸಾಮಾನ್ಯ ಬಳಕೆದಾರನಿಗೆ ಆದ ಲಾಭ.

ಆದರೆ ಖ್ಯಾತಿ ನಿರ್ಧರಿಸುವ ಸೂತ್ರ ಗೋಪ್ಯ. ಸ್ಪ್ಯಾಮರ್‌ಗಳು ದಾರಿ ಕಂಡುಕೊಳ್ಳದಿರಲಿ ಎಂಬುದು ಅದಕ್ಕೆ ನೀಡುವ ಕಾರಣ. ಪ್ರಶ್ನಿಸಲು ಸ್ವತಂತ್ರ ವೇದಿಕೆ ಇಲ್ಲ. ಪ್ರತ್ಯೇಕ ಐಪಿ ವಿಳಾಸ, ಪರಿಣತ ಸಿಬ್ಬಂದಿ, ದುಬಾರಿ ಸೇವೆ ಹೊಂದಿರುವ ದೊಡ್ಡ ಕಂಪನಿಗೆ ಈ ನಿಯಮಗಳನ್ನು ಪಾಲಿಸುವುದು ಸುಲಭ. ಹಂಚಿಕೆಯ ಐಪಿ ವಿಳಾಸ ಬಳಸುವ ಸಣ್ಣ ಪ್ರಕಾಶಕ, ಸಹಕಾರಿ ಸಂಘ ಅಥವಾ ಶಾಲೆಯ ಖ್ಯಾತಿ ನೆರೆಯವನ ನಡವಳಿಕೆಯನ್ನೂ ಅವಲಂಬಿಸಿರುತ್ತದೆ. ನಿಯಮ ಬಿಗಿಯಾದಾಗ ಅಮಾಯಕರಿಗೆ ಏಟು ಬೀಳುವುದು ಹೊಸತೇನಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು ಒಮ್ಮೆಲೇ ಕಠಿಣಗೊಳಿಸಿದಾಗ, ಜಗತ್ತಿನಾದ್ಯಂತ ವರ್ಷಗಳಿಂದ ಸುಗಮವಾಗಿ ನಡೆಯುತ್ತಿದ್ದ ಚರ್ಚಾ ಬಳಗಗಳ ಪತ್ರ ವಿನಿಮಯ ಅಸ್ತವ್ಯಸ್ತಗೊಂಡಿತ್ತು.

ತಕ್ಷಣದ ಉಪಾಯ

ಈ ಅಸಮತೋಲನ ಸರಿಯಾಗಲು ಕಾನೂನು, ಮೇಲ್ಮನವಿ ವ್ಯವಸ್ಥೆ, ಪಾರದರ್ಶಕತೆ ಎಲ್ಲವೂ ಬೇಕು. ಅವು ನಾಳೆಯೇ ಬರುವಂಥವಲ್ಲ. ಅಲ್ಲಿಯವರೆಗೆ ಸಣ್ಣ ಸಂಸ್ಥೆಯ ಕೈಯಲ್ಲಿರುವ ಅತ್ಯಂತ ಅಗ್ಗದ ಆಯುಧವೆಂದರೆ ದಿನದ ಲೆಕ್ಕ. ಹೊರಟದ್ದು, ಸ್ವೀಕೃತವಾದದ್ದು, ತಡೆಹಿಡಿದದ್ದು, ಹಿಂದಿರುಗಿದ್ದು, ದೂರು ಬಂದದ್ದು ಎಂಬ ಐದು ಅಂಕಣಗಳ ಒಂದು ಪಟ್ಟಿ ಸಾಕು. ಇದಕ್ಕೆ ದುಬಾರಿ ತಂತ್ರಾಂಶ ಬೇಕಿಲ್ಲ. ಅಗತ್ಯ ಪತ್ರಗಳಿಗೂ ಪ್ರಚಾರ ಪತ್ರಗಳಿಗೂ ಬೇರೆ ಬೇರೆ ಉಪಡೊಮೇನ್ ಮತ್ತು ಐಪಿ ವಿಳಾಸ ಇಡುವುದು, ಹಿಂದಿರುಗಿದ ವಿಳಾಸಗಳನ್ನು ಅಂದೇ ಪಟ್ಟಿಯಿಂದ ತೆಗೆಯುವುದು, 421 ಸಂಕೇತ ಕಂಡೊಡನೆ ವೇಗ ತಗ್ಗಿಸುವುದು ಇವೆಲ್ಲ ಆ ಪಟ್ಟಿಯನ್ನು ನೋಡುವ ಅಭ್ಯಾಸದಿಂದಲೇ ಬರುವ ಕ್ರಮಗಳು.

ಅಂಗಡಿಯವರು ಸಂಜೆ ಗಲ್ಲಾ ಎಣಿಸದೆ ಬಾಗಿಲು ಹಾಕುವುದಿಲ್ಲ. ಗ್ರಾಹಕರೊಡನೆ ಇ-ಮೇಲ್ ಮೂಲಕವೇ ವ್ಯವಹರಿಸುವ ಸಂಸ್ಥೆ ತನ್ನ ಹೆಸರಿನಲ್ಲಿ ಹೊರಟ ಪತ್ರಗಳನ್ನು ಎಣಿಸದೆ ದಿನ ಮುಗಿಸುವುದೂ ಅಷ್ಟೇ ಅಚ್ಚರಿಯ ಸಂಗತಿಯಾಗಬೇಕು. ಆ ಲೆಕ್ಕವನ್ನು ಜಿಮೇಲ್, ಯಾಹೂ, ಔಟ್‌ಲುಕ್‌ಗಳಂತೂ ಈಗಾಗಲೇ ಇಡುತ್ತಿವೆ. ಪತ್ರ ಬರೆದವರು ಮಾತ್ರ ಅದನ್ನು ಅರಿಯದೆ ಉಳಿಯುವುದು ವಿವೇಕವೆನಿಸದು.